ಹಳೆಯ ಜೀಪ್ ಚೆರೋಕೀ: ಗೇರ್‌ಬಾಕ್ಸ್ ಬಿಚ್ಚುವ ಮೊದಲು ಫ್ಯೂಸ್ ಕಿತ್ತು ನೋಡಿ

ಕೊಲರಾಡೊದಲ್ಲಿ ಒಂದು ಚಳಿಯ ಬೆಳಿಗ್ಗೆ ಸಿಗ್ನಲ್ ಹಸಿರಾಯಿತು. ಆಕ್ಸಿಲರೇಟರ್ ಒತ್ತಿದೆ. ಗಾಡಿ ಮಾತ್ರ ಹೇರು ತುಂಬಿದ ಎತ್ತಿನಗಾಡಿಯ ಹಾಗೆ ತೆವಳಿತು. ಇಂಜಿನ್ನಿನ ಸದ್ದಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ವೇಗ ನಲವತ್ತು ಮೈಲಿ ದಾಟಿದ್ದೇ ತಡ, ಏನೂ ಆಗಿಯೇ ಇಲ್ಲ ಎಂಬಂತೆ ಓಡತೊಡಗಿತು. ನನ್ನದು 1996ರ ಜೀಪ್ ಚೆರೋಕೀ, ನಾಲ್ಕು ಲೀಟರಿನ ಆರು ಸಿಲಿಂಡರ್ ಇಂಜಿನ್, ಆಟೊಮ್ಯಾಟಿಕ್ ಗೇರ್. ಗ್ಯಾರೇಜಿನವರೊಬ್ಬರು ಹತ್ತು ನಿಮಿಷ ಓಡಿಸಿ ನೋಡಿ, ಗೇರ್‌ಬಾಕ್ಸ್ ಹೋಗಿದೆ, ಇಡಿಯಾಗಿ ಬದಲಿಸಬೇಕು ಎಂದರು. ಅವರು ಹೇಳಿದ ಮೊತ್ತಕ್ಕೆ ಇನ್ನೊಂದು ಹಳೆಯ ಚೆರೋಕೀ ಸಿಗುತ್ತಿತ್ತು. ಮನಸ್ಸು ಒಪ್ಪದೆ ನಾನೇ ಅಡಿಗೆ ನುಗ್ಗಿ ಹುಡುಕಿದಾಗ ಸಿಕ್ಕಿದ್ದು ಗೇರ್‌ಬಾಕ್ಸಿನ ಹೊರಗಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದ ಒಂದೇ ಒಂದು ಪಿನ್.

ಅಂದಿನಿಂದ ಇಂಥದೇ ಗಾಡಿ ಇಟ್ಟುಕೊಂಡಿರುವ ಸ್ನೇಹಿತರು ಕೇಳಿದಾಗಲೆಲ್ಲ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ. ದೋಷ ವೈರಿನದೋ, ಆಯಿಲ್ ಒತ್ತಡದ್ದೋ, ಒಳಗಿನ ಕ್ಲಚ್ಚಿನದೋ ಎಂದು ಬೇರ್ಪಡಿಸಿಕೊಳ್ಳುವ ತನಕ ಒಂದು ಬೋಲ್ಟನ್ನೂ ಸಡಿಲಿಸಬೇಡಿ. ಈ ಗಾಡಿಯಲ್ಲಿ ಆ ವಿಂಗಡಣೆಗೆ ದುಬಾರಿ ಯಂತ್ರ ಬೇಡ. ಒಂದು ಮಲ್ಟಿಮೀಟರ್, ಒಂದು ಖಾಲಿ ರಸ್ತೆ, ಅರ್ಧ ದಿನದ ತಾಳ್ಮೆ ಇದ್ದರೆ ಸಾಕು.

ಮೊದಲು ಒಳಗಿರುವುದು ಏನು ಎಂದು ತಿಳಿದುಕೊಳ್ಳೋಣ. 1987ರಿಂದ 2001ರವರೆಗೆ ನಾಲ್ಕು ಲೀಟರ್ ಇಂಜಿನ್ನಿನ ಆಟೊಮ್ಯಾಟಿಕ್ ಚೆರೋಕೀಗಳಲ್ಲಿ ಬಂದದ್ದು ಜಪಾನಿನ ಐಸಿನ್-ವಾರ್ನರ್ ಮಾಡಿದ ಎಡಬ್ಲ್ಯು-4 ಎಂಬ ನಾಲ್ಕು ಗೇರಿನ ಪೆಟ್ಟಿಗೆ. ಟೊಯೋಟಾದ ಎ340 ಪೆಟ್ಟಿಗೆಯ ಮನೆತನದ್ದೇ ಇದು. ಗಟ್ಟಿ ಜೀವ, ಒಳಗಿಂದ ಸುಲಭಕ್ಕೆ ಸೋಲುವುದಿಲ್ಲ. ಯಾವ ಗೇರ್ ಬೇಕು ಎಂದು ತೀರ್ಮಾನಿಸುವುದು ಡ್ಯಾಶ್‌ಬೋರ್ಡಿನ ಒಳಗೆ ಕುಳಿತಿರುವ ಟಿಸಿಯು ಎಂಬ ಪುಟ್ಟ ಕಂಪ್ಯೂಟರ್. ಅದರ ಆಜ್ಞೆಯನ್ನು ನಡೆಸುವುದು ಆಯಿಲನ್ನು ಹಂಚುವ ವಾಲ್ವ್ ಬಾಡಿಯ ಮೇಲಿರುವ ಮೂರು ಸೊಲೆನಾಯ್ಡ್‌ಗಳು, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್‌ಗಳು. ಒಂದು ಮತ್ತು ಎರಡನೆಯವು ಗೇರ್ ಬದಲಿಸುತ್ತವೆ, ಮೂರನೆಯದು ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಜಾರದಂತೆ ಬಿಗಿಯುವ ಲಾಕಪ್ ಹಾಕುತ್ತದೆ. ಆಯಿಲ್ ಒತ್ತಡ ಎಷ್ಟಿರಬೇಕು ಎನ್ನುವುದನ್ನು ಮಾತ್ರ ಕಂಪ್ಯೂಟರ್ ನೋಡಿಕೊಳ್ಳುವುದಿಲ್ಲ. ಅದಕ್ಕೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಿಂದ ಗೇರ್‌ಬಾಕ್ಸಿಗೆ ಇಳಿಯುವ ಒಂದು ಕೇಬಲ್ ಇದೆ. ಗೇರ್ ಯಾವಾಗ ಬದಲಾಗುತ್ತದೆ ಎನ್ನುವುದು ವಿದ್ಯುತ್ತಿನ ಕೆಲಸ, ಎಷ್ಟು ಬಿಗಿಯಾಗಿ ಕಚ್ಚುತ್ತದೆ ಎನ್ನುವುದು ಕೇಬಲ್ಲಿನ ಕೆಲಸ. ಈ ಎರಡನ್ನು ಕಲಸಿಕೊಂಡವರು ತಿಂಗಳುಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುತ್ತಾರೆ.

ಗೇರ್‌ಬಾಕ್ಸಿನ ಮೇಲೆ ಸುಮ್ಮನೆ ಬರುವ ಅಪವಾದಗಳು

ಇಂಜಿನ್ ಓಡುತ್ತಿದೆ, ಯಾವ ಗೇರಿಗೆ ಹಾಕಿದರೂ ಗಾಡಿ ಅಲುಗುವುದಿಲ್ಲ ಎಂದಾದರೆ ಮೊದಲು ಟ್ರಾನ್ಸ್‌ಫರ್ ಕೇಸಿನ, ಅಂದರೆ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ, ಲಿವರ್ ನೋಡಿ. ಅದು ನ್ಯೂಟ್ರಲ್‌ನಲ್ಲಿದ್ದರೆ ಗೇರ್‌ಬಾಕ್ಸ್ ಏನು ಮಾಡಿದರೂ ಚಕ್ರ ತಿರುಗದು. ಹಳೆಯ ಗಾಡಿಗಳಲ್ಲಿ ಅದರ ಲಿಂಕೇಜಿನ ಬುಷ್ ಸವೆದು, ಕಲ್ಲುಗಳ ಮೇಲೆ ಕುಲುಕಿದಾಗ ಲೋ ರೇಂಜಿನಿಂದ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದು ನಿಲ್ಲುವುದು ಹೊಸ ಸಂಗತಿಯಲ್ಲ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಕಟಕಟ ಸದ್ದು ಬರುತ್ತಿದ್ದರೆ ಅವೆರಡನ್ನು ಜೋಡಿಸುವ ಫ್ಲೆಕ್ಸ್‌ಪ್ಲೇಟ್ ಎಂಬ ತಟ್ಟೆ ಬಿರುಕು ಬಿಟ್ಟಿದೆಯೇ, ಕನ್ವರ್ಟರಿನ ಬೋಲ್ಟ್ ಸಡಿಲವಾಗಿದೆಯೇ ನೋಡಿ. ನಾಲ್ಕು ಲೀಟರ್ ಇಂಜಿನ್ನುಗಳಲ್ಲಿ ಈ ತಟ್ಟೆ ಬಿರಿಯುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಆ ಸದ್ದು ಕೇಳಿ ಗೇರ್‌ಬಾಕ್ಸ್ ಇಳಿಸಿ ಮಾರಿದವರೂ ಇದ್ದಾರೆ.

ಇನ್ನೊಂದು, ಶಿಫ್ಟ್ ಲಿವರಿನ ಕೇಬಲ್. ಅದರ ಹೊಂದಾಣಿಕೆ ತಪ್ಪಿದ್ದರೆ ಲಿವರ್ ‘ಡಿ’ ತೋರಿಸುತ್ತಿರುತ್ತದೆ, ಒಳಗಿನ ವಾಲ್ವ್ ಎರಡು ಸ್ಥಾನಗಳ ನಡುವೆ ನಿಂತಿರುತ್ತದೆ. ಲಿವರನ್ನು ಅತ್ತಿತ್ತ ಸ್ವಲ್ಪ ಅಲುಗಿಸಿದಾಗ ಗೇರ್ ಕಚ್ಚಿದರೆ ಅಲ್ಲಿಗೇ ಉತ್ತರ ಸಿಕ್ಕಿತು.

ಆಯಿಲ್

ಗಾಡಿಯನ್ನು ಚೆನ್ನಾಗಿ ಓಡಿಸಿ ಆಯಿಲ್ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲ್ ಒತ್ತಿ ಹಿಡಿದು, ಇಂಜಿನ್ ಓಡುತ್ತಿರುವಂತೆಯೇ ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ಬನ್ನಿ. ನಿಮ್ಮ ವರ್ಷದ ಕೈಪಿಡಿ ಹೇಳುವ ಸ್ಥಾನದಲ್ಲಿ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಇಂಜಿನ್ ಆರಿಸಿ ನೋಡಿದ ಅಳತೆಗೆ ಅರ್ಥವಿಲ್ಲ. ಮಟ್ಟ ಕಡಿಮೆಯಾದರೆ ಪಂಪು ಗಾಳಿ ಹೀರುತ್ತದೆ, ರಿವರ್ಸ್ ಎರಡು ಮೂರು ಸೆಕೆಂಡು ತಡವಾಗಿ ಕಚ್ಚುತ್ತದೆ, ಏರು ಹತ್ತುವಾಗ ಹಿಡಿತ ಬಿಡುತ್ತದೆ. ಹೆಚ್ಚಾದರೂ ಕೆಡುಕೇ. ತಿರುಗುವ ಭಾಗಗಳು ಆಯಿಲನ್ನು ನೊರೆಯೆಬ್ಬಿಸುತ್ತವೆ, ನೊರೆಯಿಂದ ಒತ್ತಡ ಹುಟ್ಟುವುದಿಲ್ಲ.

ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಕೆಂಪಾಗಿ ಹರಡಿದರೆ ನೆಮ್ಮದಿ. ಕಂದು ಬಣ್ಣವಿದ್ದು ಸುಟ್ಟ ವಾಸನೆ ಬಂದರೆ ಯಾವುದೋ ಕ್ಲಚ್ ಜಾರಿ ಬೆಂದಿದೆ. ಸ್ಟ್ರಾಬೆರಿ ಹಾಲಿನ ಹಾಗೆ ಗುಲಾಬಿಯಾಗಿ ಮಂದವಾಗಿದ್ದರೆ ನೀರು ಸೇರಿದೆ, ಇದು ಎಲ್ಲಕ್ಕಿಂತ ಕೆಟ್ಟ ಸುದ್ದಿ. ನೀರು ಬರುವ ದಾರಿ ಎರಡು. ಒಂದು, ಹೊಳೆ ದಾಟುವಾಗ ಗಾಳಿಯಾಡುವ ಬ್ರೀದರ್ ಅಥವಾ ಡಿಪ್‌ಸ್ಟಿಕ್ ಕೊಳವೆಯಿಂದ. ಇನ್ನೊಂದು, ರೇಡಿಯೇಟರಿನ ಪಕ್ಕದ ಟ್ಯಾಂಕಿನೊಳಗಿರುವ ಆಯಿಲ್ ಕೂಲರ್ ತೂತಾಗಿ. ಕೂಲರ್ ತೂತಾಗಿದ್ದರೆ ರೇಡಿಯೇಟರಿನಲ್ಲೂ ಎಣ್ಣೆಯ ಪಸೆ ಕಾಣುತ್ತದೆ. ಕ್ಲಚ್ ತಟ್ಟೆಗಳ ಮೇಲಿನ ಪದರವನ್ನು ಅಂಟಿನಿಂದ ಕೂರಿಸಿರುತ್ತಾರೆ, ನೀರು ಆ ಅಂಟನ್ನೇ ಬಿಡಿಸುತ್ತದೆ. ಇಂಥ ಗಾಡಿಯನ್ನು ಮನೆಯವರೆಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಯಾವ ಆಯಿಲ್ ಎನ್ನುವಲ್ಲಿ ಬಹಳ ಜನ ಎಡವುತ್ತಾರೆ. 1987ರಲ್ಲಿ ಕ್ರೈಸ್ಲರ್ ಸಂಸ್ಥೆ ಆಗ ಜೀಪ್ ಮಾಡುತ್ತಿದ್ದ ಎಎಂಸಿ ಕಂಪನಿಯನ್ನು ಕೊಂಡು ಜೀಪನ್ನು ತನ್ನದಾಗಿಸಿಕೊಂಡಿತು. ಹಾಗಾಗಿ ಅಂಗಡಿಯಲ್ಲಿ ಕೇಳಿದರೆ ಕ್ರೈಸ್ಲರ್ ಪೆಟ್ಟಿಗೆಗಳಿಗೆ ಹಾಕುವ ಎಟಿಎಫ್ ಪ್ಲಸ್ ಫೋರ್ ಎಂಬ ಆಯಿಲ್ ಕೊಡುತ್ತಾರೆ. ನಮ್ಮದು ಜಪಾನಿನ ಪೆಟ್ಟಿಗೆ. ಇದಕ್ಕೆ ಬೇಕಾದ್ದು ಡೆಕ್ಸ್‌ರಾನ್-3 ದರ್ಜೆಯ ಆಯಿಲ್. ಹಳೆಯ ಮಾಲೀಕರು ಏನು ಹಾಕಿದ್ದರೋ ಗೊತ್ತಿಲ್ಲದಿದ್ದರೆ, ಉಳಿದ ಪರೀಕ್ಷೆಗೆ ಮೊದಲು ಎರಡು ಮೂರು ಸಲ ಬಸಿದು ತುಂಬಿಸಿ. ಬಸಿಯಲು ಪೆಟ್ಟಿಗೆಯ ತಳದ ಪ್ಯಾನಿನಲ್ಲೇ ಪ್ಲಗ್ ಇದೆ, ಕಷ್ಟವಿಲ್ಲ. ಒಂದೇ ಸಲಕ್ಕೆ ಎಲ್ಲ ಇಳಿಯುವುದಿಲ್ಲ, ಕನ್ವರ್ಟರಿನಲ್ಲಿ ಬಹಳಷ್ಟು ಉಳಿದಿರುತ್ತದೆ. ಅಡಿಗೆ ಹೋದಾಗ ಪ್ಯಾನ್ ಕಲ್ಲಿಗೆ ಬಡಿದು ಒಳಕ್ಕೆ ತಗ್ಗಿದೆಯೇ ಎಂದೂ ಕೈಯಾಡಿಸಿ. ಹೆಚ್ಚು ತಗ್ಗಿದ್ದರೆ ಆಯಿಲ್ ಹೀರುವ ಜಾಲರಿಗೆ ಅದು ಒತ್ತಿಕೊಳ್ಳುತ್ತದೆ.

ಫ್ಯೂಸ್ ಕಿತ್ತು ಓಡಿಸುವ ಪರೀಕ್ಷೆ

ಈ ಬರಹದ ಜೀವ ಇರುವುದು ಇಲ್ಲಿ. ಟಿಸಿಯುಗೆ ವಿದ್ಯುತ್ ನಿಂತಾಗ ಎಡಬ್ಲ್ಯು-4 ಸತ್ತು ಮಲಗುವುದಿಲ್ಲ, ಕೈಯಿಂದ ಗೇರ್ ಬದಲಿಸುವ ಪೆಟ್ಟಿಗೆಯಾಗುತ್ತದೆ. ಲಿವರ್ 1-2 ಎಂಬ ಸ್ಥಾನದಲ್ಲಿದ್ದರೆ ಒಂದನೆಯ ಗೇರ್, 3ರಲ್ಲಿದ್ದರೆ ಮೂರನೆಯದು, ‘ಡಿ’ಯಲ್ಲಿದ್ದರೆ ನಾಲ್ಕನೆಯದು. ರಿವರ್ಸ್ ಎಂದಿನಂತೆ. ಕಾಡಿನ ನಡುವೆ ವೈರು ಸುಟ್ಟರೂ ಮನೆ ತಲುಪಲಿ ಎಂದು ಮಾಡಿಟ್ಟ ಏರ್ಪಾಡಿದು. ರೋಗ ಹಿಡಿಯುವ ಕೆಲಸಕ್ಕೂ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಇಂಜಿನ್ ಆರಿಸಿ ಟಿಸಿಯುನ ಫ್ಯೂಸ್ ತೆಗೆಯಿರಿ. ವರ್ಷಕ್ಕೆ ತಕ್ಕಂತೆ ಅದರ ಜಾಗ ಬೇರೆ, ನಿಮ್ಮ ಗಾಡಿಯ ಕೈಪಿಡಿ ನೋಡಿ. ಫ್ಯೂಸ್ ಸಿಗದಿದ್ದರೆ ಟಿಸಿಯುನ ಕನೆಕ್ಟರನ್ನೇ ಕಳಚಬಹುದು. ಖಾಲಿ ರಸ್ತೆಯಲ್ಲಿ 1-2ರಲ್ಲಿ ಹೊರಡಿ. ಇಪ್ಪತ್ತು ಇಪ್ಪತ್ತೈದು ಮೈಲಿ ವೇಗಕ್ಕೆ 3ಕ್ಕೆ ಹಾಕಿ, ನಲವತ್ತರ ಸುತ್ತಮುತ್ತ ‘ಡಿ’ಗೆ. ವೇಗದಲ್ಲಿ ಹೋಗುತ್ತಿರುವಾಗ ಲಿವರನ್ನು ಯಾವ ಕಾರಣಕ್ಕೂ 1-2ಕ್ಕೆ ಎಳೆಯಬೇಡಿ. ಈಗ ನಿಮ್ಮನ್ನು ತಡೆಯಲು ಕಂಪ್ಯೂಟರ್ ಇಲ್ಲ, ಒಂದನೆಯ ಗೇರ್ ಕಚ್ಚಿಯೇ ಬಿಟ್ಟರೆ ಹಿಂದಿನ ಚಕ್ರಗಳು ಜಾರಬಹುದು, ಇಂಜಿನ್ ಮಿತಿ ಮೀರಿ ತಿರುಗಬಹುದು.

ಮೂರೂ ಗೇರುಗಳು ಜಾರದೆ, ತಡಮಾಡದೆ ಎಳೆದವು ಎಂದುಕೊಳ್ಳಿ. ಹಾಗಾದರೆ ಪಂಪು, ಕನ್ವರ್ಟರ್, ಆ ಗೇರುಗಳ ಕ್ಲಚ್ಚುಗಳು ಎಲ್ಲ ಆರೋಗ್ಯವಾಗಿವೆ. ನಿಮ್ಮ ತೊಂದರೆ ವೈರು, ಸೆನ್ಸರ್, ಸೊಲೆನಾಯ್ಡ್, ಟಿಸಿಯು ಇವುಗಳಲ್ಲೇ ಎಲ್ಲೋ ಇದೆ. ಫ್ಯೂಸ್ ಕಿತ್ತರೂ ಅದೇ ಜಾರುವಿಕೆ ಇದ್ದರೆ ವೈರಿನ ಕಡೆ ಸಮಯ ಕಳೆಯಬೇಡಿ, ಒತ್ತಡ ಮತ್ತು ಕ್ಲಚ್ಚುಗಳ ಕಡೆ ನಡೆಯಿರಿ. ಈ ಪರೀಕ್ಷೆಗೆ ಒಂದು ಕುರುಡು ಚುಕ್ಕೆ ಇದೆ, ಎರಡನೆಯ ಗೇರ್. ಎರಡಕ್ಕೆ ಎರಡೂ ಸೊಲೆನಾಯ್ಡ್‌ಗಳಿಗೆ ವಿದ್ಯುತ್ ಬೇಕು, ಆದ್ದರಿಂದ ಫ್ಯೂಸಿಲ್ಲದೆ ಅದು ಬರುವುದೇ ಇಲ್ಲ. ಎರಡರಲ್ಲಿ ಮಾತ್ರ ಜಾರುವ ಪೆಟ್ಟಿಗೆ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ವೈರಿಂಗ್ ಕೆಲಸ ಬಲ್ಲವರು ಸೊಲೆನಾಯ್ಡ್‌ಗಳಿಗೆ ಫ್ಯೂಸ್ ಮತ್ತು ಸ್ವಿಚ್ಚಿನ ಮೂಲಕ 12 ವೋಲ್ಟ್ ಕೊಟ್ಟು ಎರಡನೆಯದನ್ನೂ ಪರೀಕ್ಷಿಸುತ್ತಾರೆ.

ವಿದ್ಯುತ್ತಿನ ಕಡೆ ಹೋದಾಗ

ಸೊಲೆನಾಯ್ಡ್‌ಗಳ ಲೆಕ್ಕ ತಲೆಯಲ್ಲಿಟ್ಟುಕೊಂಡರೆ ಗಾಡಿಯ ನಡತೆಯೇ ದೋಷವನ್ನು ಹೇಳುತ್ತದೆ. ಒಂದನೆಯ ಗೇರಿಗೆ ಮೊದಲನೆಯ ಸೊಲೆನಾಯ್ಡ್ ಮಾತ್ರ ಚಾಲೂ. ಎರಡಕ್ಕೆ ಎರಡೂ ಚಾಲೂ. ಮೂರಕ್ಕೆ ಮೊದಲನೆಯದು ಬಂದ್, ಎರಡನೆಯದು ಚಾಲೂ. ನಾಲ್ಕಕ್ಕೆ ಎರಡೂ ಬಂದ್. ಈಗ ಮೊದಲನೆಯದರ ವೈರು ತುಂಡಾಯಿತು ಎನ್ನಿ. ಆಗ ‘ಡಿ’ಯಲ್ಲಿ ಒಂದು ಮತ್ತು ಎರಡು ಬರಲು ಸಾಧ್ಯವೇ ಇಲ್ಲ, ಗಾಡಿ ಮೂರರಲ್ಲೋ ನಾಲ್ಕರಲ್ಲೋ ಹೊರಡುತ್ತದೆ. ನನ್ನ ಗಾಡಿ ಸಿಗ್ನಲ್ಲಿನಲ್ಲಿ ತೆವಳಿದ್ದು ಇದಕ್ಕೇ. ಲಿವರನ್ನು 1-2ಕ್ಕೆ ಹಾಕಿ ಹೊರಟಾಗ ಚಂಗನೆ ಎದ್ದಿತ್ತು. ಅದೊಂದೇ ಸುಳಿವು ನನಗೆ ಗ್ಯಾರೇಜಿನ ಮಾತನ್ನು ಅನುಮಾನಿಸುವ ಧೈರ್ಯ ಕೊಟ್ಟದ್ದು. ಎರಡನೆಯ ಸೊಲೆನಾಯ್ಡ್ ಸತ್ತಿದ್ದರೆ ಹೊರಡುವಾಗ ಎಲ್ಲ ಸರಿ, ಆಮೇಲೆ ಒಂದರಿಂದ ನೇರ ನಾಲ್ಕಕ್ಕೆ ಜಿಗಿದು ಇಂಜಿನ್ ಕುಸಿಯುತ್ತದೆ.

ಮೂರೂ ಸೊಲೆನಾಯ್ಡ್‌ಗಳ ರೋಧ 11ರಿಂದ 15 ಓಮ್ ನಡುವೆ ಇರಬೇಕು. ಪ್ಯಾನ್ ಇಳಿಸದೆಯೇ ಟಿಸಿಯುನ ಕನೆಕ್ಟರಿನಿಂದ ಅಳೆಯಬಹುದು, ಆಗ ದಾರಿಯ ವೈರೂ ಸೇರಿ ಪರೀಕ್ಷೆಯಾಗುತ್ತದೆ. ಅಲ್ಲಿ ತಪ್ಪು ಅಂಕಿ ಬಂದರೆ ಗೇರ್‌ಬಾಕ್ಸಿನ ಪಕ್ಕದ ಕನೆಕ್ಟರ್ ಕಳಚಿ ಮತ್ತೆ ಅಳೆಯಿರಿ. ಅಲ್ಲಿ ಸರಿಯಾಗಿದ್ದರೆ ತಪ್ಪು ನಡುವಿನ ವೈರಿನದು. ಆ ವೈರಿನ ಕಟ್ಟು ಎಕ್ಸಾಸ್ಟ್ ಪೈಪಿನ ಹತ್ತಿರದಲ್ಲೇ ಹಾಯುತ್ತದೆ. ಹಿಡಿತದ ಕ್ಲಿಪ್ ಮುರಿದು ಜೋತುಬಿದ್ದರೆ ಕರಗುತ್ತದೆ. ಗಾಡಿ ತಣ್ಣಗಿದ್ದಾಗ ಸರಿ, ಅರ್ಧ ಗಂಟೆ ಓಡಿದ ಮೇಲೆ ತೊಂದರೆ ಎನ್ನುವವರು ಬಿಸಿಯಿದ್ದಾಗಲೂ ಅಳೆಯಲೇಬೇಕು. ಕಾಯ್ಲಿನೊಳಗಿನ ಬಿರುಕು ಬಿಸಿಗೆ ಮಾತ್ರ ಬಾಯಿ ಬಿಡುತ್ತದೆ.

ನೀರು, ಕೆಸರಿನಲ್ಲಿ ಓಡಿಸುವವರಿಗೆ ಇನ್ನೊಂದು ಶತ್ರು ಗೇರ್‌ಬಾಕ್ಸಿನ ಬಲಬದಿಯಲ್ಲಿ ಶಿಫ್ಟ್ ಶಾಫ್ಟಿಗೆ ಕೂತಿರುವ ನ್ಯೂಟ್ರಲ್ ಸೇಫ್ಟಿ ಸ್ವಿಚ್. ಲಿವರ್ ಎಲ್ಲಿದೆ ಎಂದು ಟಿಸಿಯುಗೆ ಹೇಳುವುದು ಇದೇ. ಒಳಗೆ ಕೆಸರು ಸೇರಿದರೆ ಪಾರ್ಕ್‌ನಲ್ಲಿ ಸ್ಟಾರ್ಟ್ ಆಗದೆ ನ್ಯೂಟ್ರಲ್‌ನಲ್ಲಿ ಮಾತ್ರ ಆಗುತ್ತದೆ, ರಿವರ್ಸ್ ದೀಪ ಹತ್ತುವುದಿಲ್ಲ. ಈ ಎರಡು ಲಕ್ಷಣಗಳ ಜೊತೆ ಗೇರ್ ತಪ್ಪುತ್ತಿದ್ದರೆ ಮೊದಲು ಇದನ್ನೇ ಬಿಚ್ಚಿ. ಹೊಸದು ದುಬಾರಿ, ಆದರೆ ತೆರೆದು, ಒಳಗಿನ ತಾಮ್ರದ ಪಟ್ಟಿಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದು, ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಮುಚ್ಚಿದರೆ ಎಷ್ಟೋ ಸ್ವಿಚ್ಚುಗಳು ಮತ್ತೆ ಬದುಕುತ್ತವೆ. ತೆಗೆಯುವ ಮೊದಲು ಅದರ ಸ್ಥಾನಕ್ಕೆ ಗುರುತು ಹಾಕಿಕೊಳ್ಳಿ.

ಗೇರ್ ತಡವಾಗಿ ಬದಲಾಗುತ್ತಿದೆ, ಮೂರು ನಾಲ್ಕರ ನಡುವೆ ಹೊಯ್ದಾಡುತ್ತಿದೆ ಎಂದರೆ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್ ನೋಡಿ. 1991ರ ನಂತರದ ಗಾಡಿಗಳಲ್ಲಿ ಪೆಡಲ್ ಬಿಟ್ಟಾಗ 0.2 ವೋಲ್ಟಿಗಿಂತ ಹೆಚ್ಚು, ಪೂರ್ತಿ ಒತ್ತಿದಾಗ 4.8 ವೋಲ್ಟಿಗಿಂತ ಕಡಿಮೆ ಇರಬೇಕು. ಅಂಕಿಗಿಂತ ಮುಖ್ಯವಾದದ್ದು ಏರಿಕೆಯ ನಯ. ಪೆಡಲನ್ನು ನಿಧಾನ ಒತ್ತುತ್ತಾ ಹೋದಾಗ ನಡುವೆ ಎಲ್ಲಾದರೂ ಮುಳುಗಿ ಎದ್ದರೆ ಸೆನ್ಸರ್ ಸವೆದಿದೆ. ಮುಳ್ಳಿನ ಮೀಟರಿನಲ್ಲಿ ಇದು ಡಿಜಿಟಲ್‌ಗಿಂತ ಚೆನ್ನಾಗಿ ಕಾಣುತ್ತದೆ. 1987ರಿಂದ 1990ರವರೆಗಿನ ಆಟೊಮ್ಯಾಟಿಕ್ ಗಾಡಿಗಳಲ್ಲಿ ಈ ಸೆನ್ಸರಿಗೆ ಎರಡು ಕನೆಕ್ಟರ್‌ಗಳು. ಮೂರು ವೈರಿನದು ಇಂಜಿನ್ ಕಂಪ್ಯೂಟರಿಗೆ, ನಾಲ್ಕು ವೈರಿನದು ಟಿಸಿಯುಗೆ. ಇಂಜಿನ್ ಚೆನ್ನಾಗಿ ಓಡುತ್ತಿದೆ ಎಂದ ಮಾತ್ರಕ್ಕೆ ಟಿಸಿಯು ಕಡೆಯ ಅರ್ಧವೂ ಸರಿಯಿದೆ ಎನ್ನುವಂತಿಲ್ಲ. ಇದೇ ಗಾಡಿಗಳಲ್ಲಿ ಸೆನ್ಸರುಗಳ ಅರ್ತ್ ವೈರುಗಳೆಲ್ಲ ಇಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನ ಬ್ರಾಕೆಟ್ ಬೋಲ್ಟಿಗೆ ಬಂದು ಸೇರುತ್ತವೆ. ಅದನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡುವುದು ಐದು ನಿಮಿಷದ ಕೆಲಸ.

ಗೇರ್‌ಬಾಕ್ಸಿನ ಹಿಂಭಾಗದ ಸ್ಪೀಡ್ ಸೆನ್ಸರ್ ಕೆಟ್ಟರೂ ಗೇರ್ ಏರುವುದಿಲ್ಲ. ಸ್ಪೀಡೋಮೀಟರ್ ಕೆಲಸ ಮಾಡುತ್ತಿದೆಯಲ್ಲ ಎಂದು ಇದನ್ನು ಬಿಡಬೇಡಿ, ಸ್ಪೀಡೋಮೀಟರಿನದು ಟ್ರಾನ್ಸ್‌ಫರ್ ಕೇಸಿನಲ್ಲಿರುವ ಬೇರೆಯೇ ಸಾಧನ.

ಲಾಕಪ್ಪಿನ ಪರೀಕ್ಷೆ ಸುಲಭ. ಐವತ್ತೈದು ಮೈಲಿ ವೇಗದಲ್ಲಿ ಒಂದೇ ಸಮನೆ ಹೋಗುತ್ತಾ, ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಎಡಗಾಲಿನಿಂದ ಪೆಡಲ್ ಮುಟ್ಟಿ. ಆರ್‌ಪಿಎಂ ಕೆಲವು ನೂರು ಏರಿ, ಕಾಲು ತೆಗೆದ ಮೇಲೆ ಇಳಿದರೆ ಲಾಕಪ್ ಇದೆ. ಏರದಿದ್ದರೆ ಲಾಕಪ್ ಮೊದಲೇ ಬಿದ್ದಿರಲಿಲ್ಲ. ಮೂರನೆಯ ಸೊಲೆನಾಯ್ಡಿಗೆ ಹೋಗುವ ಮುನ್ನ ಬ್ರೇಕ್ ದೀಪದ ಸ್ವಿಚ್ ನೋಡಿ, ಅದು ಸದಾ ಒತ್ತಿದಂತೆ ಸಿಕ್ಕಿಕೊಂಡಿದ್ದರೆ ಟಿಸಿಯು ಲಾಕಪ್ ಹಾಕುವುದೇ ಇಲ್ಲ.

ಒತ್ತಡದ ಕಡೆ ಹೋದಾಗ

ಥ್ರಾಟಲ್ ಕೇಬಲ್ ಸಡಿಲವಿದ್ದರೆ ಒತ್ತಡ ಕಡಿಮೆ. ಗೇರ್ ಬೆಣ್ಣೆಯ ಹಾಗೆ ನಯವಾಗಿ ಬದಲಾಗುತ್ತದೆ, ಮಾಲೀಕರಿಗೆ ಖುಷಿ, ಒಳಗೆ ಕ್ಲಚ್ ಸುಡುತ್ತಿರುತ್ತದೆ. ಅತಿ ಬಿಗಿಯಿದ್ದರೆ ಪ್ರತಿ ಗೇರಿಗೂ ಬೆನ್ನಿಗೆ ಗುದ್ದಿದಂತಾಗುತ್ತದೆ. ಎರಡರಲ್ಲಿ ನಾನು ಹೆಚ್ಚು ಹೆದರುವುದು ಆ ನಯಕ್ಕೆ. ಸರಿಪಡಿಸಲು ಇಂಜಿನ್ ಆರಿಸಿ, ಥ್ರಾಟಲ್ ಬಾಡಿಯ ಬಳಿ ಕೇಬಲ್ಲಿಗಿರುವ ಗುಂಡಿಯನ್ನು ಒತ್ತಿ ಹಿಡಿದು ಕೇಬಲ್ಲಿನ ಕೊಳವೆಯನ್ನು ಪೂರ್ತಿ ಒಳಕ್ಕೆ ತಳ್ಳಿ, ಗುಂಡಿ ಬಿಡಿ. ಆಮೇಲೆ ಥ್ರಾಟಲ್ ಲಿವರನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿದರೆ ಕಟಕಟ ಎನ್ನುತ್ತಾ ಕೇಬಲ್ ತನ್ನ ಅಳತೆಗೆ ತಾನೇ ಬಂದು ಕೂರುತ್ತದೆ.

ಅದಾದ ಮೇಲೂ ಜಾರಿದರೆ ಪೆಟ್ಟಿಗೆಯ ಬಲಬದಿಯ ಪರೀಕ್ಷಾ ರಂಧ್ರಕ್ಕೆ 300 ಪಿಎಸ್‌ಐವರೆಗಿನ ಒತ್ತಡದ ಗೇಜ್ ಹಾಕಿ. ‘ಡಿ’ಯಲ್ಲಿ ಐಡಲ್‌ನಲ್ಲಿ 61ರಿಂದ 70 ಪಿಎಸ್‌ಐ, ಬ್ರೇಕ್ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ 173ರಿಂದ 209. ರಿವರ್ಸಿನಲ್ಲಿ ಐಡಲ್‌ಗೆ 75ರಿಂದ 90, ಪೂರ್ತಿ ಕೊಟ್ಟಾಗ 213ರಿಂದ 263. ಪೂರ್ತಿ ಕೊಡುವ ಪರೀಕ್ಷೆ ಐದು ಸೆಕೆಂಡು ಮೀರಬಾರದು, ಮುಂದೆ ಯಾರೂ ನಿಂತಿರಬಾರದು, ನಾಲ್ಕೂ ಚಕ್ರಕ್ಕೆ ಅಡೆ ಇಟ್ಟಿರಬೇಕು. ‘ಡಿ’, ರಿವರ್ಸ್ ಎರಡರಲ್ಲೂ ಒತ್ತಡ ಕಡಿಮೆಯಿದ್ದರೆ ಕಟ್ಟಿಕೊಂಡ ಜಾಲರಿ, ಸವೆದ ಪಂಪು ಅಥವಾ ಅಂಟಿಕೊಂಡ ರೆಗ್ಯುಲೇಟರ್ ವಾಲ್ವ್. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಆ ದಾರಿಯ ಸೀಲ್ ಸೋರುತ್ತಿದೆ.

ಒಳಗೇ ಕೆಟ್ಟಿದ್ದರೆ

ಆಗಲೂ ಯಾವ ಕ್ಲಚ್ ಎಂದು ಹೊರಗಿನಿಂದಲೇ ಊಹಿಸಬಹುದು. ರಿವರ್ಸಿಗೂ ಮೂರನೆಯ ಗೇರಿಗೂ ಡೈರೆಕ್ಟ್ ಕ್ಲಚ್ ಬೇಕು, ಎರಡೂ ಜಾರಿದರೆ ಬೆರಳು ಅದರತ್ತ. ರಿವರ್ಸ್ ಮಾತ್ರ ಕೆಟ್ಟು ಮೂರು ಚೆನ್ನಾಗಿದ್ದರೆ ಒಂದು-ರಿವರ್ಸ್ ಬ್ರೇಕನ್ನು (ಪೆಟ್ಟಿಗೆಯೊಳಗಿನ ಹಿಡಿತ, ಚಕ್ರದ ಬ್ರೇಕಲ್ಲ) ಅನುಮಾನಿಸಿ. ಅದನ್ನು ಖಚಿತಪಡಿಸಲು ಫ್ಯೂಸ್ ಕಿತ್ತೇ, ನಿಧಾನ ವೇಗದಲ್ಲಿ 1-2ರಲ್ಲಿ ಇಳಿಜಾರಿನಲ್ಲಿ ಕಾಲು ಬಿಡಿ. ಇಂಜಿನ್ ಗಾಡಿಯನ್ನು ಹಿಡಿಯದೆ ಹಾಗೇ ಜಾರಲು ಬಿಟ್ಟರೆ ಆ ಬ್ರೇಕೇ ಹೋಗಿದೆ. ನಾಲ್ಕು ಮಾತ್ರ ಇಲ್ಲ ಎಂದರೆ ಓವರ್‌ಡ್ರೈವ್ ಬ್ರೇಕ್. ಪ್ಯಾನ್ ಇಳಿಸಿದಾಗ ಆಯಸ್ಕಾಂತದ ಮೇಲೆ ನುಣ್ಣನೆಯ ಬೂದು ಲೇಪವಿದ್ದರೆ ವಯಸ್ಸಿನ ಗುರುತು ಅಷ್ಟೇ, ಗಾಬರಿ ಬೇಡ. ಕಪ್ಪು ಚೂರುಗಳಿದ್ದರೆ ಕ್ಲಚ್ ಪದರ, ಹೊಳೆಯುವ ಲೋಹದ ಚಕ್ಕೆಗಳಿದ್ದರೆ ಗೇರ್ ಅಥವಾ ಬುಷ್.

ಬದಲಿ ಪೆಟ್ಟಿಗೆ ತರುವುದೇ ಆದರೆ ಹಿಂದಿನ ಶಾಫ್ಟಿನ ಹಲ್ಲುಗಳನ್ನು ಎಣಿಸಿಯೇ ತನ್ನಿ. ನಾಲ್ಕು ಚಕ್ರ ಚಾಲನೆಯ ಮೊದಲ ವರ್ಷಗಳ ಪೆಟ್ಟಿಗೆಗಳಲ್ಲಿ 21, ನಂತರದವುಗಳಲ್ಲಿ 23. ಟ್ರಾನ್ಸ್‌ಫರ್ ಕೇಸಿನ ಹಲ್ಲು ಅದಕ್ಕೆ ಹೊಂದಬೇಕು. ಕೂಲರ್ ಮತ್ತು ಅದರ ಪೈಪುಗಳನ್ನು ಚೆನ್ನಾಗಿ ತೊಳೆಯದೆ ಹೊಸ ಪೆಟ್ಟಿಗೆಗೆ ಜೋಡಿಸಬೇಡಿ, ಹಳೆಯದರ ಚೂರುಗಳು ಅಲ್ಲಿ ಕಾದು ಕುಳಿತಿರುತ್ತವೆ.